ಮೊದಲು ನಡೆಯುವ ದಾರಿ ಸರಿಮಾಡಿ

ಮಾನ್ಯರೇ,

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ 17,000 ಕೋಟಿ ರೂಪಾಯಿಗೂ ಜಾಸ್ತಿ ಖರ್ಚಿನ ಅಂದಾಜು. ನಮ್ಮ ಬೀದಿಯ ಚರಂಡಿ ಮೇಲಿನ ಚಪ್ಪಡಿ ಮುರಿದು ಒಂದು ಮಳೆಗಾಲವೇ ಕಳೆಯಿತು. ಕತ್ತಲಲ್ಲಿ ಯಾರೂ ಬೀಳದಿರಲಿ ಅಂತ ಯಾರೋ ಅಲ್ಲಿ ತೆಂಗಿನ ಗರಿ ಸಿಕ್ಕಿಸಿದ್ದಾರೆ. ಪಕ್ಕದ ಮನೆಯ ಅಜ್ಜಿ ಹಾಲು ತರಲು ರಸ್ತೆಗೇ ಇಳಿಯಬೇಕು. ಹಿಂದೆ ನೀರಿನ ಟ್ಯಾಂಕರ್ ಬರುತ್ತಿರುತ್ತದೆ. ನೋಡಿದರೆ ಎದೆ ಝಲ್ಲೆನ್ನುತ್ತದೆ.

ಹೇಳೋಣವೆಂದರೆ ಯಾರಿಗೆ? ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಇದು ತಪ್ಪು. ನಮ್ಮ ದುಡ್ಡಿನ ಲೆಕ್ಕ ಕೇಳಲು ವಾರ್ಡಿಗೊಬ್ಬರು ಬೇಕು. ಕಾರಿಲ್ಲದವರೂ ತೆರಿಗೆ ಕಟ್ಟುತ್ತಾರೆ ಅಲ್ವಾ? ನಗರದ ಹೊಣೆ ಹೊತ್ತ ಸಚಿವರು ಒಂದು ಬೆಳಿಗ್ಗೆ ಇಂಥ ಬೀದಿಗಳಲ್ಲಿ ನಡೆದು ನೋಡಲಿ. ಆಮೇಲೆ ಬಜೆಟ್ ಬರೆಯಲಿ.

– ಓದುಗ, ಬೆಂಗಳೂರು