ಕಾಕಾನ ನೋಟ್‌ಬುಕ್ಕಿನ 'ಗರಿ'

ಡಿಸೆಂಬರ್‌ನಲ್ಲಿ ಧಾರವಾಡಕ್ಕೆ ಹೋಗಿದ್ದೆ. ಕಾಕಾನ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಮೇಲೆ ಹಳೇ ಪೇಪರಿನ ಹೊದಿಕೆ, ಒಳಗೆ ಕಂದಿದ ಮಸಿಯಲ್ಲಿ ಬೇಂದ್ರೆಯವರ 'ಗರಿ'ಯ ಕವಿತೆಗಳು. ಅಷ್ಟೂ ಕೈಬರಹ.

"ಪುಸ್ತಕ ಎಲ್ಲಿ ಸಿಗ್ತಿತ್ತೋ ತಮ್ಮಾ? ನಮ್ಮ ಮಾಸ್ತರ ಕಡೆ ಒಂದ ಪ್ರತಿ ಇತ್ತು. ಮೂರ ದಿನದಾಗ ವಾಪಸ್ ತಂದಕೊಡು ಅಂದಿದ್ರು" ಅಂದರು ಕಾಕಾ.

'ಗರಿ' ಬಂದದ್ದು 1932ರಲ್ಲಿ. 'ನರಬಲಿ' ಕವಿತೆಗಾಗಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಜೈಲಿಗೆ ಹಾಕಿ, ಆಮೇಲೆ ಪಕ್ಕದ ಮುಗದದಲ್ಲಿ ಕಣ್ಗಾವಲಿನಲ್ಲಿ ಇಟ್ಟಿದ್ದೂ ಆ ದಿನಗಳಲ್ಲೇ. ಪುಸ್ತಕ ಕೈಗೆ ಸಿಗದವರಿಗೆ ಕವಿತೆ ಕಿವಿಗೆ ಸಿಗುತ್ತಿತ್ತು. ಬೇಂದ್ರೆಯವರು ಸ್ವತಃ ಓದುತ್ತಿದ್ದ ರೀತಿ ಗೊತ್ತಲ್ಲ, ಕೇಳಿದವರು ಮನೆಗೆ ಬಂದು ಅದೇ ಧಾಟಿಯಲ್ಲಿ ಅನ್ನುತ್ತಿದ್ದರು.

ಹೀಗಾಗಿಯೇ ಮುಂದಿನವರಿಗೆ ಬೇಂದ್ರೆಯವರಿಂದ ಮೊದಲು ಬಂದದ್ದು ಲಯ, ಅರ್ಥ ಆಮೇಲೆ ಅಂತ ನನಗನಿಸುತ್ತದೆ. ಗದಗಿನ ಹತ್ತಿರದ ಹೊಂಬಳದಿಂದ ಧಾರವಾಡಕ್ಕೆ ಓದಲು ಬಂದ ಚೆನ್ನವೀರ ಕಣವಿಯವರ 'ಕಾವ್ಯಾಕ್ಷಿ' 1949ರದ್ದು. ಜೋರಾಗಿ ಓದಿ ನೋಡಿ, ಆ ಲಯ ತಿಳಿಯುತ್ತದೆ. ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ 'ಭಾವತರಂಗ'ಕ್ಕೆ (1946) ಮುನ್ನುಡಿ ಬರೆದವರೇ ಬೇಂದ್ರೆ. ಆದರೆ ಮುಂದಿನ ಸಂಕಲನ 'ಚಂಡೆಮದ್ದಳೆ'ಯ ಹೊತ್ತಿಗೆ ಅಡಿಗರು ಆ ಹಾಡುಗಬ್ಬದ ದಾರಿ ಬಿಟ್ಟಿದ್ದರು. ಕಿವಿಗೆ ಅಂಟಿದ್ದನ್ನು ಹಟ ಹಿಡಿದು ಬಿಡಿಸಿಕೊಳ್ಳೋದೂ ಪ್ರಭಾವವೇ ಅಲ್ವಾ?

ಈಗ ಬೇಂದ್ರೆಯವರ ಸಮಗ್ರ ಕಾವ್ಯ 'ಔದುಂಬರಗಾಥೆ'ಯ ದಪ್ಪ ಸಂಪುಟಗಳಿವೆ. ವಾಮನ ಬೇಂದ್ರೆಯವರು ಸಂಪಾದಿಸಿದ್ದು, ದೊಡ್ಡ ಉಪಕಾರ. ಆದರೂ ತೆಳು ಪುಸ್ತಕದ ರುಚಿಯೇ ಬೇರೆ. 1957ರ 'ಅರಳು ಮರಳು' ಅಂದರೆ ಐದು ಸಂಕಲನಗಳ ಒಂದು ಕಟ್ಟು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ. ಅದನ್ನು ಒಂದೇ ಪುಸ್ತಕವಾಗಿ ಕೈಗೆತ್ತಿಕೊಂಡವರಿಗೆ 'ಸೂರ್ಯಪಾನ' ಎಲ್ಲಿ ಮುಗಿಯಿತು, 'ಹೃದಯಸಮುದ್ರ' ಎಲ್ಲಿ ಶುರುವಾಯಿತು ಅನ್ನೋದರ ಕಡೆ ಗಮನವೇ ಹೋಗೋದಿಲ್ಲ. ನನಗಂತೂ ಹೋಗಿರಲಿಲ್ಲ.

ಇನ್ನು ಕಾಕಾನ ನೋಟ್‌ಬುಕ್ಕಿನ ಕಥೆ. 'ಹಕ್ಕಿ ಹಾರುತಿದೆ ನೋಡಿದಿರಾ' ಬರೆಯುವಾಗ ಗಡಿಬಿಡಿಯಲ್ಲಿ ಅವರು ಒಂದು ನುಡಿಯನ್ನೇ, ಅಂದರೆ ಒಂದಿಡೀ ಚರಣವನ್ನೇ, ಬಿಟ್ಟಿದ್ದಾರೆ! ನಮ್ಮ ಮನೆಯ ಮಕ್ಕಳೆಲ್ಲ ಕಲಿತದ್ದು ಅದನ್ನೇ ನೋಡಿ. ಶಾಲೆಯ ಕಂಠಪಾಠ ಸ್ಪರ್ಧೆಯಲ್ಲಿ ನಾನೂ ಹಾಗೇ ಹೇಳಿ ಎರಡನೇ ಬಹುಮಾನ ತಂದೆ. ಮೊದಲನೇದು ಯಾಕೆ ತಪ್ಪಿತು ಅಂತ ಐವತ್ತು ವರ್ಷದ ಮೇಲೆ ಗೊತ್ತಾಯಿತು.

ಕಾಕಾನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು, ನಕ್ಕರು. ಪೆನ್ಸಿಲ್ ತರಿಸಿ, ಪಕ್ಕದ ಖಾಲಿ ಜಾಗದಲ್ಲಿ ಆ ನುಡಿಯನ್ನು ಬರೆದರು. ಪುಸ್ತಕ ನೋಡಲಿಲ್ಲ.