ತೆರವಾಗುವ ದಿನ ಮೊದಲೇ ಗೊತ್ತಿರುತ್ತದೆ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ ರಾಜ್ಯ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ರಾಜ್ಯದ ವಿಶ್ವವಿದ್ಯಾಲಯವೊಂದರ ಕನ್ನಡ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಕಳೆದ ತಿಂಗಳು ಪಿಂಚಣಿಯ ಕೆಲಸಕ್ಕೆಂದು ಆಡಳಿತ ಕಚೇರಿಗೆ ಹೋಗಿದ್ದಾಗ ಕುಲಪತಿಗಳ ಹೆಸರುಗಳ ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತೆ. ಕೊನೆಯ ಹೆಸರಿನ ಪಕ್ಕ ‘ಪ್ರಭಾರ’, ಎಂದರೆ ತಾತ್ಕಾಲಿಕ ಹೊಣೆ, ಎಂದಿತ್ತು. ಅದಕ್ಕಿಂತ ಒಂದು ಸಾಲು ಬಿಟ್ಟು ಮೇಲೆ ನೋಡಿದರೆ ಅಲ್ಲಿಯೂ ‘ಪ್ರಭಾರ’.

ಕುಲಪತಿಗಳ ಅವಧಿ ನಾಲ್ಕು ವರ್ಷ. ಅವರು ಅಧಿಕಾರ ವಹಿಸಿಕೊಂಡ ದಿನವೇ ಹುದ್ದೆ ಯಾವಾಗ ತೆರವಾಗುತ್ತದೆಂಬುದು ಸರ್ಕಾರಕ್ಕೂ ರಾಜಭವನಕ್ಕೂ ತಿಳಿದಿರುತ್ತದೆ. ಅಧ್ಯಾಪಕರ ನಿವೃತ್ತಿಯ ದಿನವಂತೂ ಸೇವಾ ಪುಸ್ತಕದ ಮೊದಲ ಪುಟದಲ್ಲಿರುವ ಜನ್ಮದಿನಾಂಕದಿಂದಲೇ ನಿಶ್ಚಿತ. ಹೀಗಿದ್ದೂ ಪ್ರತಿ ಬಾರಿ ಅವಧಿ ಮುಗಿದ ಮೇಲೆ, ಏನೋ ಅನಿರೀಕ್ಷಿತ ಸಂಭವಿಸಿತೆಂಬಂತೆ, ಡೀನ್‌ಗಳಲ್ಲಿ ಹಿರಿಯರಾದವರಿಗೆ ಪ್ರಭಾರ ವಹಿಸಿ ಹೊಸ ಕುಲಪತಿಗಳನ್ನು ಹುಡುಕುವ ಶೋಧನಾ ಸಮಿತಿಯ ಕಡತಕ್ಕೆ ಚಾಲನೆ ಕೊಡುವ ರೂಢಿ ಏಕೆ ಎಂಬುದೇ ಈ ಪತ್ರದ ಪ್ರಶ್ನೆ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಶೋಧನಾ ಸಮಿತಿಗೆ ಕುಲಾಧಿಪತಿಗಳು (ರಾಜ್ಯಪಾಲರು), ರಾಜ್ಯ ಸರ್ಕಾರ, ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮತ್ತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ತಲಾ ಒಬ್ಬರನ್ನು ಸೂಚಿಸಬೇಕು. ಸಮಿತಿ ಮೂವರ ಹೆಸರು ಕೊಡಬೇಕು. ಕುಲಾಧಿಪತಿಗಳು ಸರ್ಕಾರದ ಸಮ್ಮತಿ ಪಡೆದು ಅವರಲ್ಲೊಬ್ಬರನ್ನು ನೇಮಿಸಬೇಕು. ಅವಧಿ ಮುಗಿಯುವ ಆರು ತಿಂಗಳು ಮೊದಲೇ ಈ ಕೆಲಸ ಆರಂಭಿಸಿದರೆ ಆಗದ್ದೇನಿದೆ? 2025ರ ಜನವರಿಯ ಯುಜಿಸಿ ಕರಡು ನಿಯಮಗಳು ಸಮಿತಿ ರಚಿಸುವ ಅಧಿಕಾರವನ್ನು ಕುಲಾಧಿಪತಿಗಳಿಗೇ ಕೊಡಹೊರಟಾಗ ನಮ್ಮ ಸರ್ಕಾರ ವಿರೋಧಿಸಿತು, ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಬೇರೆ ರಾಜ್ಯಗಳ ಸಚಿವರನ್ನೂ ಕರೆಸಿ ದನಿಗೂಡಿಸಿತು. ಆ ವಿರೋಧ ಸರಿಯಾದುದೆಂದೇ ನಾನು ತಿಳಿದಿದ್ದೇನೆ. ಆದರೆ ಕೈಯಲ್ಲಿರುವ ಅಧಿಕಾರವನ್ನು ಸಕಾಲಕ್ಕೆ ಚಲಾಯಿಸದವರು ಅದನ್ನು ಕಿತ್ತುಕೊಳ್ಳಬೇಡಿ ಎಂದರೆ ದೆಹಲಿಯವರು ಎಷ್ಟು ಕಿವಿಗೊಟ್ಟಾರು?

ಪ್ರಭಾರದ ತೊಂದರೆ ಒಂದು ಕುರ್ಚಿಗೆ ಸೀಮಿತವಾದುದಲ್ಲ. ಅಧ್ಯಾಪಕರ ನೇಮಕಾತಿ ಮಂಡಳಿಗೆ ಕುಲಪತಿಗಳೇ ಅಧ್ಯಕ್ಷರು. ನಾಳೆಯೋ ನಾಡಿದ್ದೋ ಹೊಣೆ ಬಿಟ್ಟುಕೊಡಬೇಕಾದವರು ಅಂಥ ಸಂದರ್ಶನಕ್ಕೆ ಕೈಹಾಕುವುದಿಲ್ಲ, ಹಾಕಲೂಬಾರದು. ನಾನು ಸೇರಿದಾಗ ನಮ್ಮ ವಿಭಾಗದಲ್ಲಿ ಏಳು ಮಂದಿ ಕಾಯಂ ಅಧ್ಯಾಪಕರಿದ್ದರು, ನಾನು ಹೊರಬಂದಾಗ ಉಳಿದವರು ಇಬ್ಬರು. ಹಳಗನ್ನಡ, ಛಂದಸ್ಸು, ಶಾಸನ ಪಾಠಗಳನ್ನು ಈಗ ಅತಿಥಿ ಉಪನ್ಯಾಸಕರು ನಡೆಸುತ್ತಾರೆ. ಅವರಲ್ಲಿ ಒಬ್ಬರು ನನ್ನದೇ ವಿದ್ಯಾರ್ಥಿ. ಚೆನ್ನಾಗಿಯೇ ಪಾಠ ಮಾಡುತ್ತಾರೆ, ಆದರೆ ಮುಂದಿನ ಸೆಮಿಸ್ಟರಿಗೆ ತಮ್ಮ ಕಾರ್ಯಭಾರ ಉಳಿಯುವುದೋ ಇಲ್ಲವೋ ಎಂಬುದು ವೇಳಾಪಟ್ಟಿ ಹೊರಬೀಳುವವರೆಗೆ ಅವರಿಗೇ ತಿಳಿದಿರುವುದಿಲ್ಲ.

ಸಂಶೋಧನೆಯ ಮಾತು ಇನ್ನೂ ಕಷ್ಟದ್ದು. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಅಭ್ಯರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಂದರೆ ಹುದ್ದೆ ಖಾಲಿಯಾಗುವುದಕ್ಕೆ ಮೂರು ವರ್ಷ ಮೊದಲೇ ಆ ಬಾಗಿಲು ಮುಚ್ಚಿರುತ್ತದೆ. ಇದೇ ಜೂನ್‌ನಲ್ಲಿ ಪ್ರವೇಶ ಪರೀಕ್ಷೆ ಪಾಸಾದ ಹುಡುಗಿಯೊಬ್ಬಳು ಅರ್ಜಿ ಹಿಡಿದು ನನ್ನ ಮನೆಗೆ ಬಂದಿದ್ದಳು, ನಿವೃತ್ತರ ಸಹಿ ನಡೆಯುತ್ತದೆಯೇ ಎಂದು ಕೇಳಲು. ಅರ್ಜಿಯಲ್ಲಿ ಎಲ್ಲವೂ ತುಂಬಿತ್ತು, ‘ಮಾರ್ಗದರ್ಶಕರ ಹೆಸರು’ ಎಂಬ ಸಾಲೊಂದನ್ನು ಬಿಟ್ಟು.

ವಿಳಂಬಕ್ಕೆ ಕಾರಣಗಳಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆರ್ಥಿಕ ಇಲಾಖೆಯ ಅನುಮತಿ ಬೇಕು, ಮೀಸಲಾತಿಯ ಸರದಿ ತೋರಿಸುವ ರೋಸ್ಟರ್ ಸರಿಯಿರಬೇಕು, ಕಲ್ಯಾಣ ಕರ್ನಾಟಕದಲ್ಲಿ ಸಂವಿಧಾನದ 371(ಜೆ) ವಿಧಿಯಂತೆ ಸ್ಥಳೀಯರಿಗಿರುವ ಮೀಸಲಾತಿಯನ್ನು ಪಾಲಿಸಬೇಕು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ವರದಿ ಬರುವ ತನಕ 2024ರ ಅಕ್ಟೋಬರ್‌ನಿಂದ ಹೊಸ ನೇಮಕಾತಿ ಅಧಿಸೂಚನೆಗಳನ್ನು ತಡೆಹಿಡಿದದ್ದೂ ನ್ಯಾಯದ ದೃಷ್ಟಿಯಿಂದಲೇ. ಆದರೆ ನಮ್ಮ ವಿಭಾಗದ ಐದು ಹುದ್ದೆಗಳು ಖಾಲಿಯಾದದ್ದು ಅದಕ್ಕೂ ಎಷ್ಟೋ ಮೊದಲು.

ಡಿ.ಸಿ. ಪಾವಟೆಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ 1954ರಿಂದ 1967ರವರೆಗೆ ಕುಲಪತಿಗಳಾಗಿದ್ದರು. ಕುವೆಂಪು ಅವರಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದು 1956ರಿಂದ 1960ರವರೆಗಿನ ಅವಧಿ ಮಾತ್ರ, ಆದರೂ ಅದರ ಆವರಣವಾದ ಮಾನಸಗಂಗೋತ್ರಿ ರೂಪುಗೊಂಡಿತು. ಎಲ್ಲರೂ ಅವರಂತಾಗಲಿ ಎಂದು ಕೇಳುವಷ್ಟು ದುರಾಸೆ ನನಗಿಲ್ಲ. ಬರುವವರು ಯಾರೇ ಆಗಲಿ, ಹಿಂದಿನವರು ಇಳಿದ ಮರುದಿನವೇ ಬರಲಿ.

ಆದ್ದರಿಂದ, ಮುಂದಿನ ಒಂದು ವರ್ಷದಲ್ಲಿ ಅವಧಿ ಮುಗಿಯುವ ಕುಲಪತಿಗಳ ಮತ್ತು ಮೂರು ವರ್ಷದಲ್ಲಿ ನಿವೃತ್ತರಾಗುವ ಅಧ್ಯಾಪಕರ ಪಟ್ಟಿಯನ್ನು ವಿಶ್ವವಿದ್ಯಾಲಯವಾರು ಪ್ರಕಟಿಸಿ, ಪ್ರತಿ ಹೆಸರಿನ ಎದುರು ನೇಮಕದ ಕಡತ ಯಾವ ಮೇಜಿನ ಮೇಲಿದೆ ಎಂಬುದನ್ನೂ ಜನರಿಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಧ್ಯಾಪಕ