ಹಾವು ಬದುಕಿದೆ, ಅಮ್ಮ

ಲೂಯಿಸ್‌ವಿಲ್, ಕೊಲೊರಾಡೊ
12 ಜನವರಿ 2022

ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ಅಪ್ಪನ ಬಿ.ಪಿ. ಮಾತ್ರೆ ತಪ್ಪದಿರಲಿ.

ನೀನು ಅಕ್ಕನ ಕೈಯಲ್ಲಿ ಬರೆಸಿದ ಪತ್ರ ತಲುಪಿತು. ಮೂರು ಪುಟದಲ್ಲಿ ಎರಡೂವರೆ ಪುಟ ಒಂದೇ ಪ್ರಶ್ನೆ: ನಾವು ಸಾಕಿದ ಹಾವು ಚಳಿಗೆ ಸತ್ತುಹೋಗಿದೆಯೇ, ನಾನು ಮುಚ್ಚಿಡುತ್ತಿದ್ದೇನೆಯೇ ಎಂದು. ಇಲ್ಲ ಅಮ್ಮ, ಸತ್ತಿಲ್ಲ. ಫೋನಿನಲ್ಲಿ ಹೇಳಿದಾಗಲೆಲ್ಲ ನೀನು ‘ಹೂಂ’ ಎಂದು ಸುಮ್ಮನಾಗುತ್ತೀಯ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ. ಅಪ್ಪನ ಹತ್ತಿರ ಗಟ್ಟಿಯಾಗಿ ಓದಿಸು.

ಡಿಸೆಂಬರ್ 30, ಗುರುವಾರ. ಈ ಸಲ ಹಿಮ ಸರಿಯಾಗಿ ಬೀಳದೆ ಬಯಲಿನ ಹುಲ್ಲೆಲ್ಲ ಒಣಗಿ ನಿಂತಿತ್ತು. ಗಂಟೆಗೆ 160 ಕಿಲೋಮೀಟರ್ ಗಾಳಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಲ್ಲೋ ಹತ್ತಿದ ಬೆಂಕಿ ಮಧ್ಯಾಹ್ನದ ಊಟದ ಹೊತ್ತಿಗೆ ಊರೊಳಗೆ ಬಂದಿತ್ತು. ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ನಮ್ಮ ಮನೆ ಉಳಿಯಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಕೈ ಬರುವುದಿಲ್ಲ.

ಮನೆ ಬಿಡಿ ಎಂದು ಫೋನಿಗೆ ಸಂದೇಶ ಬಂದಾಗ ಪುಟ್ಟ ಅಳಲಿಲ್ಲ, ನೇರ ಹಾವಿನ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ನಿಂತ. ಅದನ್ನು ಬಿಟ್ಟು ಅವನನ್ನು ಕಾರಿಗೆ ಹತ್ತಿಸುವುದು ಆಗುವ ಮಾತಾಗಿರಲಿಲ್ಲ. ‘ಬಾಗಿಲು ತೆರೆದು ಬಿಟ್ಟುಬಿಡಬೇಕಿತ್ತು, ಅದರ ದಾರಿ ಅದು ನೋಡಿಕೊಳ್ಳುತ್ತಿತ್ತು’ ಎಂದು ಬರೆದಿದ್ದೀಯ. ನಮ್ಮ ಬನದ ನಾಗನಾದರೆ ಹೌದು. ಇದು ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು. ಮೂರೂವರೆ ಅಡಿ ಉದ್ದ, ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಬಾಲ್ ಪೈಥಾನ್ ಎನ್ನುತ್ತಾರೆ. ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದದ್ದು. ಅದಕ್ಕೆ ಒಂದು ಬದಿಯಲ್ಲಿ 31–32 ಡಿಗ್ರಿ ಬಿಸಿ ಬೇಕು, ಇನ್ನೊಂದು ಬದಿ ಸ್ವಲ್ಪ ತಂಪಿರಬೇಕು. ಏಪ್ರಿಲ್‌ನಲ್ಲಿ ನಮ್ಮ ಚಾವಡಿ ಇರುತ್ತದಲ್ಲ, ಹಾಗೆ. ಮರುದಿನವೇ ಇಲ್ಲಿ ಮೊಣಕಾಲಿನವರೆಗೆ ಬರುವಂತೆ ಅಲ್ಲಲ್ಲಿ ಹಿಮ ಗುಡ್ಡೆಬಿತ್ತು. ಬಿಟ್ಟಿದ್ದರೆ ಅದೇ ರಾತ್ರಿ ಮುಗಿಯುತ್ತಿತ್ತು, ಆಗ ನೀನು ಹೆದರುವ ದೋಷ ನಿಜವಾಗಿ ನನ್ನ ತಲೆಗೆ ಬರುತ್ತಿತ್ತು.

ದಿಂಬಿನ ಚೀಲದೊಳಗೆ ಹಾವನ್ನು ಇಳಿಸಿ ಬಾಯಿ ಗಂಟು ಹಾಕಿದೆ. ಮಲ್ಪೆಯಲ್ಲಿ ಮೀನಿಗೆ ಐಸ್ ಹಾಕಿಡುವ ಥರ್ಮಾಕೋಲ್ ಪೆಟ್ಟಿಗೆಯಂಥದ್ದೇ ಒಂದು ನಮ್ಮಲ್ಲಿತ್ತು. ಒಳಗಿನ ಥಂಡಿಯನ್ನು ಹೊರಗೆ ಬಿಡದ ಪೆಟ್ಟಿಗೆ ಹೊರಗಿನ ಥಂಡಿಯನ್ನೂ ಒಳಗೆ ಬಿಡುವುದಿಲ್ಲ. ಉಸಿರಾಟಕ್ಕೆ ನಾಲ್ಕು ತೂತು ಕೊರೆದೆ. ಇವಳು ಕಂಬಳಿ ಹೊದಿಸಲು ಹೋದಳು. ಬೇಡ ಎಂದೆ. ಕಂಬಳಿಯಿಂದ ನಾವು ಬೆಚ್ಚಗಾಗುವುದು ನಮ್ಮ ಮೈಯಲ್ಲೇ ಬಿಸಿ ಹುಟ್ಟುವುದರಿಂದ. ಹಾವಿನ ಮೈಯಲ್ಲಿ ಹಾಗೆ ಬಿಸಿ ಹುಟ್ಟುವುದಿಲ್ಲ, ನಾವೇ ಹೊರಗಿನಿಂದ ಕೊಡಬೇಕು.

ಕೊಟ್ಟದ್ದು ಯಾವುದರಿಂದ ಗೊತ್ತೇ? ಬಾಣಂತನಕ್ಕೆ ಬಂದಾಗ ನೀನು ಬಿಟ್ಟುಹೋದ ಕೆಂಪು ರಬ್ಬರಿನ ಬಿಸಿನೀರಿನ ಚೀಲ. ಅದಕ್ಕೆ ಅಪ್ಪನ ಹಳೆಯ ಬೈರಾಸನ್ನು ಎರಡು ಸುತ್ತು ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಟ್ಟೆವು. ಬಿಸಿ ಹೆಚ್ಚಾದರೆ ಹಾವು ಇನ್ನೊಂದು ಬದಿಗೆ ಸರಿಯಬೇಕಲ್ಲ. ಮೈ ಸುಡುತ್ತಿದ್ದರೂ ಅದಕ್ಕೆ ಬೇಗ ತಿಳಿಯುವುದಿಲ್ಲ, ಬಿಸಿಗೆ ಅಂಟಿಕೊಂಡೇ ಮಲಗಿ ಹೊಟ್ಟೆ ಬೇಯಿಸಿಕೊಳ್ಳುವುದುಂಟು. ಅದಕ್ಕೇ ಪ್ರತಿ ಸಲವೂ ಬೈರಾಸಿನ ಮೇಲೆ ಮಣಿಕಟ್ಟು ಇಟ್ಟು ನೋಡಿದೆ, ಮಗುವಿನ ಹಾಲನ್ನು ನೀನು ನೋಡುತ್ತಿದ್ದ ಹಾಗೆ.

ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ಎರಡು ಗಂಟೆಯಲ್ಲಿ ನೀರು ಆರಿತು. ಆಗ ಪುಟ್ಟ ಹಾವಿದ್ದ ದಿಂಬಿನ ಚೀಲವನ್ನು ತನ್ನ ಜಾಕೆಟ್ಟಿನೊಳಗೆ, ಎದೆಗೆ ಒತ್ತಿ ಇಟ್ಟುಕೊಂಡ. ಬಟ್ಟೆಯ ಮೇಲಿಂದ ನಾನು ಮುಟ್ಟಿದಾಗ ಮಳೆಗಾಲದ ಬಚ್ಚಲುಕಲ್ಲಿನಷ್ಟು ತಣ್ಣಗಿತ್ತು. ಅರ್ಧ ಗಂಟೆಯ ಮೇಲೆ ಅವನೇ ಪಿಸುಗುಟ್ಟಿದ: ‘ಅಪ್ಪ, ಹೊರಳುತ್ತಿದೆ’.

ಒಂದು ಮೋಟೆಲಿನವರು ನಾಯಿ ಬೆಕ್ಕು ಆಗಬಹುದು, ಹಾವು ಬೇಡ ಎಂದರು. ಕಡೆಗೆ ವಿನಯಣ್ಣನ ಮನೆ. ಅತ್ತಿಗೆಗೆ ಹಾವೆಂದರೆ ಜೀವವೇ ಹೋಗುತ್ತದೆ, ಆದರೂ ಬಚ್ಚಲುಮನೆ ಬಿಟ್ಟುಕೊಟ್ಟರು. ಅವರ ಉಪಕಾರವನ್ನು ನಾನು ಮರೆಯುವುದಿಲ್ಲ, ನೀನೂ ಅವರ ತಾಯಿಗೆ ಒಂದು ಫೋನು ಮಾಡು.

ಮೂರನೆಯ ದಿನ ಮನೆಗೆ ಬಂದರೆ ಗ್ಯಾಸೂ ಇಲ್ಲ, ಕರೆಂಟೂ ಇಲ್ಲ. ಆಗ ಕೈಹಿಡಿದದ್ದು ಇಲ್ಲಿಯ ಒಂದು ವಸ್ತು. ಅಂಗೈಯಷ್ಟು ಪೊಟ್ಟಣ, ಒಳಗೆ ಕಬ್ಬಿಣದ ಪುಡಿ. ಕವರು ಹರಿದರೆ ಗಾಳಿ ತಾಗಿ ಪುಡಿ ತುಕ್ಕು ಹಿಡಿಯುತ್ತದೆ, ಆ ತುಕ್ಕಿನಿಂದಲೇ ಎಂಟು ಹತ್ತು ಗಂಟೆ ಬಿಸಿ ಬರುತ್ತದೆ. ಚಳಿಯಲ್ಲಿ ದುಡಿಯುವವರು ಕೈಗವಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಗಾಳಿ ಇಲ್ಲದಿದ್ದರೆ ಅದು ಆರಿಹೋಗುತ್ತದೆ, ಪೆಟ್ಟಿಗೆಯ ಗಾಳಿಯನ್ನೂ ಹೀರುತ್ತದೆ. ಹಾಗಾಗಿ ಇನ್ನೂ ಎರಡು ತೂತು ಕೊರೆದು, ಪೊಟ್ಟಣವನ್ನು ಮುಚ್ಚಳದ ಒಳಬದಿಗೆ ಅಂಟಿಸಿದೆ. ಇಷ್ಟು ಚೆನ್ನಾದ ವಸ್ತು ಅಜ್ಜಿಯ ಕಾಲುನೋವಿಗೂ ಆದೀತು, ಬರುವಾಗ ತರುತ್ತೇನೆ.

ಅಷ್ಟು ದಿನ ಏನೂ ತಿನ್ನಿಸಲಿಲ್ಲ. ಬಿಸಿ ಸಾಲದಿದ್ದರೆ ತಿಂದದ್ದು ಹೊಟ್ಟೆಯಲ್ಲಿ ಕೊಳೆಯುತ್ತದೆ. ವಾರಗಟ್ಟಲೆ ಉಪವಾಸ ಅದಕ್ಕೆ ಹೊಸದಲ್ಲ. ಹಾಲು ಕೊಡುತ್ತೇವೆಯೇ ಎಂದು ಕೇಳಿದ್ದೀಯ. ಇಲ್ಲ ಅಮ್ಮ, ಅದಕ್ಕೆ ಹಾಲು ಅರಗುವುದಿಲ್ಲ. ಮೊನ್ನೆ ಭಾನುವಾರ ಇಲಿ ಕೊಟ್ಟೆವು, ನುಂಗಿತು. ಬಾಯಲ್ಲಿ ಜೊಲ್ಲಿಲ್ಲ, ಉಸಿರಿನಲ್ಲಿ ಸದ್ದಿಲ್ಲ, ಅಂದರೆ ಶ್ವಾಸಕೋಶಕ್ಕೆ ಚಳಿ ತಾಗಿಲ್ಲ. ಇದಕ್ಕಿಂತ ಏನು ಬೇಕು? ಚೆನ್ನಾಗಿದೆ ಅಮ್ಮ, ನಿಜವಾಗಿಯೂ ಚೆನ್ನಾಗಿದೆ. ಪುಟ್ಟನ ಆಣೆ.

ನಾಗನನ್ನು ಪೆಟ್ಟಿಗೆಯಲ್ಲಿ ಇಟ್ಟದ್ದೇ ತಪ್ಪು ಎಂಬ ನಿನ್ನ ಮಾತು ನನ್ನನ್ನೂ ಕಾಡಿದೆ. ಊರಿನಲ್ಲಾದರೆ 1972ರ ವನ್ಯಜೀವಿ ಕಾಯಿದೆಯೇ ನಮ್ಮ ಹಾವುಗಳನ್ನು ಸಾಕಲು ಬಿಡುವುದಿಲ್ಲ, ಅದು ಸರಿಯೇ. ಈ ಹಾವಿನ ಮೂಲದ ಕಡೆಯಲ್ಲೂ, ಬೆನಿನ್ ದೇಶದ ವೀಡಾ ಎಂಬ ಊರಿನಲ್ಲಿ, ಇದೇ ಜಾತಿಯ ಹಾವುಗಳಿಗೆ ಗುಡಿಯಿದೆ. ನೈಜೀರಿಯಾದ ಇಗ್ಬೊ ಜನ ತಪ್ಪಿ ಇದನ್ನು ಕೊಂದರೆ ಶವಪೆಟ್ಟಿಗೆ ಮಾಡಿ ಮಣ್ಣು ಕೊಡುತ್ತಾರಂತೆ. ನಮ್ಮ ಸರ್ಪಸಂಸ್ಕಾರದ ಹಾಗೆ. ಓದಿದಾಗ ನಿನ್ನ ನೆನಪಾಯಿತು. ಅದನ್ನು ಅವಜ್ಞೆ ಮಾಡಿ ಇಟ್ಟುಕೊಂಡಿಲ್ಲ ಎಂದು ಮಾತ್ರ ತಿಳಿ.

ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸುವ ಆಸೆಯಿದ್ದರೆ ಮಾಡಿಸು, ಹಣ ನಾಳೆಯೇ ಹಾಕುತ್ತೇನೆ. ಆದರೆ ಸತ್ತದ್ದಕ್ಕೆ ಎಂದು ಸಂಕಲ್ಪ ಮಾಡಬೇಡ, ಬದುಕಿದ್ದಕ್ಕೆ ಎಂದು ಮಾಡು. ಬನದಲ್ಲಿ ಪುಟ್ಟನ ಹೆಸರಿನಲ್ಲಿ ಒಂದು ಸೀಯಾಳ ಇಡು. 18ರ ಕೃಷ್ಣಾಪುರ ಮಠದ ಪರ್ಯಾಯಕ್ಕೆ ಈ ಕೊರೊನಾದಲ್ಲಿ ಅಪ್ಪ ಜನಜಂಗುಳಿಗೆ ಹೋಗುವುದು ಬೇಡ, ಟಿವಿಯಲ್ಲೇ ನೋಡಲಿ.

ನಲ್ಲಿ ಸರಿಮಾಡುವವರು ಬಂದು ಬಾಗಿಲು ತಟ್ಟುತ್ತಿದ್ದಾರೆ. ಹಾವಿನ ವಿಡಿಯೊ ಅಕ್ಕನ ಮೊಬೈಲಿಗೆ ಹಾಕಿದ್ದೇನೆ, ಇವತ್ತಿನ ಪತ್ರಿಕೆ ಪಕ್ಕದಲ್ಲಿಟ್ಟೇ ತೆಗೆದದ್ದು, ತಾರೀಕು ನೋಡು. ಅಜ್ಜಿಗೆ ನಮಸ್ಕಾರ.

ನಿನ್ನ ಮಗ,
ಪ್ರಸಾದ